ಒಳ್ಳೆಯದಾಯಿತು ಎಂದವರು

1939, ಅಮೆರಿಕದ ಮ್ಯಾಸಚೂಸೆಟ್ಸ್. ಕೇಂಬ್ರಿಜ್, ಸಾಮರ್‌ವಿಲ್ ಊರುಗಳ 506 ಹುಡುಗರ ಮೇಲೆ ಒಂದು ಪ್ರಯೋಗ. ವಯಸ್ಸು, ಮನೆ, ಸ್ವಭಾವ ನೋಡಿ ಇಬ್ಬಿಬ್ಬರನ್ನು ಜೋಡಿ ಮಾಡಿ ನಾಣ್ಯ ಚಿಮ್ಮಿದರು. ಒಬ್ಬನಿಗೆ ಆಪ್ತಸಲಹೆ, ಮನೆಪಾಠ, ವೈದ್ಯರ ನೆರವು, ಬೇಸಿಗೆ ಶಿಬಿರ. ಇನ್ನೊಬ್ಬನಿಗೆ ಇದ್ಯಾವುದೂ ಇಲ್ಲ. ಸರಾಸರಿ ಐದು ವರ್ಷ, ತಿಂಗಳಿಗೆ ಹೆಚ್ಚುಕಡಿಮೆ ಎರಡು ಭೇಟಿ. ಇದಕ್ಕಿಂತ ಧಾರಾಳವಾದ ನೆರವು ನನ್ನ ಊಹೆಗೆ ಬರುತ್ತಿಲ್ಲ.

ಮೂವತ್ತು ವರ್ಷಗಳ ಮೇಲೆ ಸಂಶೋಧಕಿ ಜೋನ್ ಮೆಕಾರ್ಡ್ ಆ ಹುಡುಗರನ್ನೆಲ್ಲ ಹುಡುಕಿಸಿದರು. 1978ರಲ್ಲಿ ವರದಿ ಬಂತು. ನೆರವು ಪಡೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ‘ನಮಗೆ ಒಳ್ಳೆಯದಾಯಿತು’ ಎಂದಿದ್ದರು. ದಾಖಲೆಗಳು ಬೇರೆಯೇ ಹೇಳಿದವು: ಮತ್ತೆ ಅಪರಾಧಕ್ಕಿಳಿದವರು, ಕುಡಿತದ ಲಕ್ಷಣವಿದ್ದವರು ಈ ಗುಂಪಿನಲ್ಲೇ ಹೆಚ್ಚು. ತೀರಿಕೊಂಡವರೂ ಇನ್ನೊಂದು ಗುಂಪಿನವರಿಗಿಂತ ಚಿಕ್ಕ ವಯಸ್ಸಿಗೇ ಹೋಗಿದ್ದರು.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಒಳ್ಳೆಯದಾಯಿತು ಎಂದವರು ಸುಳ್ಳಾಡಲಿಲ್ಲ. ಮನೆಗೆ ಬಂದು ವಿಚಾರಿಸಿಕೊಂಡವರ ಮೇಲಿನ ಪ್ರೀತಿ ನಿಜವೇ. ಆದರೆ ಆ ಸಲಹೆಗಾರರು ಬಾರದೇ ಹೋಗಿದ್ದರೆ ತಾನು ಏನಾಗುತ್ತಿದ್ದೆ ಎನ್ನುವುದು ಯಾವ ಹುಡುಗನಿಗೂ ತಿಳಿಯುವಂತಿಲ್ಲ. ಅದಕ್ಕೆ ಸಾಕ್ಷಿ, ಇದ್ದರೆ, ಏನೂ ಸಿಗದ ಅವನ ಜೋಡಿ.

ಇನ್ನೊಂದು ಪ್ರಯೋಗ ಬ್ರಿಟನ್ನಿನದು, 1997: ಸುಟ್ಟಗಾಯದ 133 ರೋಗಿಗಳು. ಕೆಲವರಿಂದ ನಡೆದದ್ದನ್ನೆಲ್ಲ ಬೇಗನೆ ಬಾಯಿಬಿಟ್ಟು ಹೇಳಿಸಿದರು. 13 ತಿಂಗಳ ಬಳಿಕ ಆಘಾತೋತ್ತರ ಒತ್ತಡದ ಕಾಯಿಲೆ ಇವರಲ್ಲಿ ಶೇ. 26, ಉಳಿದವರಲ್ಲಿ ಶೇ. 9. ಹಂಚಿಕೆ ಅದೃಷ್ಟಕ್ಕೆ ಬಿಟ್ಟಿದ್ದರೂ ಗಾಯದ ತೀವ್ರತೆ ಮೊದಲ ಗುಂಪಿನಲ್ಲೇ ಜಾಸ್ತಿಯಿತ್ತಂತೆ. ಹಾಗಾದರೆ ಒಂದು ಪ್ರಯೋಗ ಸಾಲದು.

ಎಷ್ಟು ಸಾಕು? ಮಾತಿನ ಚಿಕಿತ್ಸೆಯೊಂದು ಫಲಕಾರಿ ಎನ್ನಲು ಅಮೆರಿಕದ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಹಾಕಿದ ಮುಖ್ಯ ನಿಯಮ: ಬೇರೆ ಬೇರೆ ತಂಡಗಳ ಎರಡು ಒಳ್ಳೆಯ ಪ್ರಯೋಗ. ಸೋತವು ಎಷ್ಟು ಎಂದು ಆ ನಿಯಮ ಕೇಳಲಿಲ್ಲ! ಈಗ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಬೇಕೆನ್ನುತ್ತಾರೆ. ಸರಿಯಾದ ಮಾತು.

ಗೆದ್ದ ಪ್ರಯೋಗವೂ ಇದೆ: ಗೋವಾ, 2017. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯ 495 ಜನ. ತರಬೇತಿ ಪಡೆದ ಸಾಮಾನ್ಯ ಜನರೇ ಸಲಹೆಗಾರರು. ಆರರಿಂದ ಎಂಟು ಭೇಟಿ. ಮೂರು ತಿಂಗಳಿಗೆ ಶೇ. 64 ಮಂದಿ ಚೇತರಿಕೆ. ಆ ಭೇಟಿಗಳಿಲ್ಲದವರಲ್ಲಿ ಶೇ. 39. ಎರಡನೆಯ ಅಂಕಿಯನ್ನು ಬಿಟ್ಟು ಮೊದಲನೆಯದನ್ನು ಯಾರೂ ಹೇಳಬಾರದು.

ಇನ್ನೊಂದು. ಔಷಧದ ಪ್ರಯೋಗದಲ್ಲಿ ಅಡ್ಡಪರಿಣಾಮ ಬರೆದಿಡಲೇಬೇಕು. ಮಾತಿನ ಚಿಕಿತ್ಸೆಯ ಎಷ್ಟೋ ವರದಿಗಳಲ್ಲಿ ಆ ಕಾಲಮ್ಮೇ ಇಲ್ಲ. ಮಾತಿನಿಂದ ಕೆಡುಕಾಗದು ಎಂದು ಆ ವರದಿ ಬರೆದವರಿಗೆ ಹೇಳಿದವರು ಯಾರು?