ಹತ್ತನೇ ಸ್ಥಳ

ತಪಸ್ಸುಕಾಲದ ಶುಕ್ರವಾರ, ಸಂಜೆ ಆರೂವರೆ. ರಾಜಾಜಿನಗರದ ಅಡ್ಡರಸ್ತೆಯೊಂದರ ಚರ್ಚಿನ ಅಂಗಳದಲ್ಲಿ ಶಿಲುಬೆ ಹಾದಿ ಅರ್ಧ ದಾಟಿದೆ. ಬನ್ನಿ, ಕಾಂಪೌಂಡ್ ಗೋಡೆಯ ಪಕ್ಕ ಜಾಗವಿದೆ, ಇಲ್ಲೇ ನಿಲ್ಲಿ. ದಿನವಿಡೀ ಬಿಸಿಲುಂಡ ಸಿಮೆಂಟ್ ನೆಲ ಬರಿಗಾಲಿಗೆ ಇನ್ನೂ ಬಿಸಿ ತಾಗುತ್ತದೆ. ಆಚೆ ಡಾ. ರಾಜ್‌ಕುಮಾರ್ ರಸ್ತೆಯ ಹಾರ್ನ್‌ಗಳು, ಈಚೆ ಮೈಕ್ ಹಿಡಿದ ನಿವೃತ್ತ ಟೀಚರ್ ಒಬ್ಬರ ದನಿ. ಗುಂಪು ಹತ್ತನೇ ಸ್ಥಳದ ಮುಂದೆ ಮೊಣಕಾಲೂರಿದೆ. ಯೇಸುವಿನ ಬಟ್ಟೆ ಬಿಚ್ಚುವ ಸ್ಥಳ ಅದು.

ಗೋಡೆಯ ಉಬ್ಬುಚಿತ್ರವನ್ನು ಹತ್ತಿರದಿಂದ ನೋಡಿ. ಇಬ್ಬರು ಸೈನಿಕರಿದ್ದಾರೆ. ಒಬ್ಬನ ಮುಷ್ಟಿಯಲ್ಲಿ ಅಂಗಿಯ ತುದಿ. ಚಾಟಿಯೇಟಿನ ಗಾಯಕ್ಕೆ ಅಂಟಿ ಒಣಗಿದ ಬಟ್ಟೆ. ಎಳೆದರೆ ಬರೀ ಬಟ್ಟೆ ಬರುವುದಿಲ್ಲ. ಇನ್ನೊಬ್ಬ ಆ ಕಡೆ ನೋಡುತ್ತಲೂ ಇಲ್ಲ, ಅವನ ಗಮನವೆಲ್ಲ ಅಂಗೈಯ ದಾಳದ ಮೇಲಿದೆ. ಶಿಲ್ಪಿ ಇಬ್ಬರ ಮುಖಕ್ಕೂ ಕ್ರೌರ್ಯ ಬಳಿದಿಲ್ಲ. ಪಾಳಿ ಮುಗಿಸಿ ಮನೆಗೆ ಹೋಗಬೇಕಾದವರ ಮುಖಗಳವು.

ಪುಸ್ತಕದ ಪ್ರಾರ್ಥನೆ ಮುಗಿದ ಮೇಲೆ ಟೀಚರ್ ತಾವೇ ಬರೆದುಕೊಂಡು ಬಂದ ಒಂದು ಸಾಲು ಸೇರಿಸುತ್ತಾರೆ: ನಮ್ಮ ಠಾಣೆಗಳಲ್ಲಿ, ಜೈಲುಗಳಲ್ಲಿ ಬಟ್ಟೆ ಬಿಚ್ಚಿಸಿಕೊಂಡು ಹೊಡೆತ ತಿಂದವರಿಗಾಗಿ. ನಿಮ್ಮ ಎಡಕ್ಕಿದ್ದ ಎತ್ತರದ ಮನುಷ್ಯ ತಟ್ಟನೆ ಎದ್ದು ನಿಲ್ಲುತ್ತಾರೆ. ಪೊಲೀಸ್ ಇಲಾಖೆಯಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಉಳಿದ ನಾಲ್ಕು ಸ್ಥಳಗಳಲ್ಲೂ ಅವರು ಮೊಣಕಾಲೂರುವುದಿಲ್ಲ.

ಮಜ್ಜಿಗೆ ಹಂಚುವ ಹೊತ್ತಿಗೆ ಮಾತು ಹೊರಬೀಳುತ್ತದೆ.

"ಮಿಸ್, ಠಾಣೆ ಅಂತ ಯಾಕೆ ಸೇರಿಸಿದ್ರಿ? ಅದು ರೋಮ್‌ನವರ ಕಾಲದ್ದು."

"ಅವರಿಗೂ ಅದು ಡ್ಯೂಟಿನೇ ಆಗಿತ್ತು, ದಫೇದಾರ್ರೇ."

"ಡ್ಯೂಟಿ ತಪ್ಪಾ? ಸೈನಿಕರು ಬಂದು ನಾವೇನು ಮಾಡ್ಬೇಕು ಅಂತ ಕೇಳ್ದಾಗ ಸ್ನಾನಿಕ ಯೊವಾನ್ನರು ಕೆಲ್ಸ ಬಿಟ್ಟು ಹೋಗಿ ಅಂದ್ರಾ? ಸಂಬಳದಲ್ಲಿ ತೃಪ್ತಿಯಾಗಿರಿ ಅಂದ್ರು. ಲೂಕದಲ್ಲೇ ಇದೆ."

"ಅದೇ ಉಸಿರಲ್ಲಿ, ಯಾರನ್ನೂ ಹೆದರಿಸಿ ಕಿತ್ಕೋಬೇಡಿ ಅಂತಲೂ ಅಂದ್ರು. ಅದೂ ಲೂಕದಲ್ಲೇ ಇದೆ."

ಸುತ್ತ ಜನ ಸೇರುತ್ತಾರೆ. ಸೇನಾ ಭರ್ತಿಗೆ ತಯಾರಾಗುತ್ತಿರುವ ಹುಡುಗನೊಬ್ಬ ಲೋಟ ಹಿಡಿದು ಮುಂದೆ ಬರುತ್ತಾನೆ. ಅವನಿಗೆ ಬೇರೆಯೇ ಚಿಂತೆ: ಕ್ರೈಸ್ತನಾದವನು ಬಂದೂಕು ಹಿಡಿಯಬಹುದೇ? ಫಾದರ್ ಹೌದು ಅಂತಲೂ ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಆಫ್ರಿಕಾದ ತೆಬೆಸ್ಸಾದಲ್ಲಿ ಕ್ರಿ.ಶ. 295ರಲ್ಲಿ ಮ್ಯಾಕ್ಸಿಮಿಲಿಯನ್ ಎಂಬ ಯುವಕ ನಾನು ಕ್ರೈಸ್ತ, ಸೈನ್ಯ ಸೇರಲಾರೆ ಎಂದು ಹೇಳಿ ತಲೆ ಕೊಟ್ಟ. ಅವನು ನಮ್ಮ ಸಂತ. ನೂರು ಚಿಲ್ಲರೆ ವರ್ಷ ಕಳೆದು ಅದೇ ನೆಲದ ಬಿಷಪ್ ಅಗಸ್ಟೀನರು ನ್ಯಾಯಕ್ಕಾಗಿ ಯುದ್ಧ ಮಾಡಬಹುದು ಎಂದು ಬರೆದರು. ಅವರೂ ನಮ್ಮ ಸಂತರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆತ್ಮರಕ್ಷಣೆಯ ಹಕ್ಕನ್ನು ಉಳಿಸಿಕೊಂಡಿತು. 2020ರಲ್ಲಿ ಪೋಪ್ ಫ್ರಾನ್ಸಿಸ್, ಈ ಕಾಲದ ಅಸ್ತ್ರಗಳ ಮುಂದೆ ನ್ಯಾಯಯುದ್ಧದ ಮಾತಾಡುವುದೇ ಕಷ್ಟ ಎಂದರು. "ನಿನಗೆ ಇಬ್ಬರು ಸಂತರೂ ಇದ್ದಾರಪ್ಪ," ಎನ್ನುತ್ತಾರೆ ಫಾದರ್. ಹುಡುಗ ತಲೆಯಾಡಿಸುತ್ತಾನೆ, ಸಮಾಧಾನವಾದಂತೆ ಕಾಣುವುದಿಲ್ಲ. ಅವನ ವಯಸ್ಸಿನಲ್ಲಿ ಸಮಾಧಾನವಾಗಬಾರದು ಅಂತಲೇ ನನಗನ್ನಿಸುತ್ತದೆ.

ದಫೇದಾರರು ಬಿಡುವವರಲ್ಲ. "ಯುದ್ಧ ಬಿಡಿ ಫಾದರ್. 2013ರಲ್ಲಿ ಇಲ್ಲೇ ಪಕ್ಕದ ಮಲ್ಲೇಶ್ವರದಲ್ಲಿ ಬಾಂಬ್ ಸಿಡೀತು. ಇನ್ನೊಂದು ಬಾಂಬ್ ಎಲ್ಲಿದೆ ಅಂತ ಗೊತ್ತಿರೋನು ಕೈಗೆ ಸಿಕ್ಕಿದ್ರೆ ಬಾಯಿ ಬಿಡಿಸ್ಬಾರ್ದಾ? ಅವನನ್ನ ಕೂರಿಸ್ಕೊಂಡು ಜಪಮಾಲೆ ಹೇಳ್ಬೇಕಾ?"

ಈ ಪ್ರಶ್ನೆಗೆ ಧರ್ಮಸಭೆಯ ಹಳೆಯ ಉತ್ತರಗಳೆಲ್ಲವೂ ಗೌರವ ತರುವಂಥವಲ್ಲ. 866ರಲ್ಲಿ ಪೋಪ್ ಒಂದನೇ ನಿಕೋಲಸರು ಬಲ್ಗೇರಿಯಾದವರಿಗೆ ಪತ್ರ ಬರೆದು, ಹೊಡೆದು ತಪ್ಪೊಪ್ಪಿಸುವುದು ದೇವರ ನಿಯಮಕ್ಕೂ ಮನುಷ್ಯರ ನಿಯಮಕ್ಕೂ ವಿರುದ್ಧ ಎಂದಿದ್ದರು. ನಾಲ್ಕು ಶತಮಾನ ಕಳೆಯುವುದರೊಳಗೆ, 1252ರಲ್ಲಿ, ಇನ್ನೊಬ್ಬ ಪೋಪ್ ನಾಲ್ಕನೇ ಇನೊಸೆಂಟ್ ಮತದ್ರೋಹದ ವಿಚಾರಣೆಯಲ್ಲಿ ಚಿತ್ರಹಿಂಸೆಗೆ ಅಪ್ಪಣೆ ಕೊಟ್ಟರು. ಆ ದಾರಿ 1560ರಲ್ಲಿ ಗೋವಾದ ಇನ್‌ಕ್ವಿಸಿಷನ್‌ವರೆಗೂ ಬಂತು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಎಷ್ಟೋ ಮನೆತನಗಳು ಗೋವಾ ಬಿಟ್ಟು ಬಂದದ್ದಕ್ಕೆ ಅದರ ಭಯವೂ ಒಂದು ಕಾರಣ.

ಟೀಚರ್ ಇದೇನನ್ನೂ ಎತ್ತುವುದಿಲ್ಲ. ಅವರು ಎತ್ತುವುದು 1976ನ್ನು.

"ಲಾರೆನ್ಸ್ ಫರ್ನಾಂಡಿಸ್ ನೆನಪಿದ್ದಾರಾ, ದಫೇದಾರ್ರೇ?"

ಅಂಗಳದಲ್ಲಿ ವಯಸ್ಸಾದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲಾರೆನ್ಸರ ಅಣ್ಣ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಬೇಕೆಂದು 1946ರಲ್ಲಿ ಮಂಗಳೂರಿನಿಂದ ಬೆಂಗಳೂರಿನ ಸೆಮಿನರಿಗೆ ಬಂದು, ಮೇಲಿನವರ ಊಟಕ್ಕೂ ಹುಡುಗರ ಊಟಕ್ಕೂ ಇದ್ದ ಅಂತರ ಕಂಡು ರೋಸಿ ಹೊರಬಿದ್ದವರು. ತುರ್ತು ಪರಿಸ್ಥಿತಿಯಲ್ಲಿ ಭೂಗತರಾಗಿ ಡೈನಮೈಟ್ ಕೂಡಿಸುತ್ತಿದ್ದರು ಎಂಬುದು ಸರ್ಕಾರದ ಆರೋಪ. 1976ರ ಮೇ 1ರ ರಾತ್ರಿ ಪೊಲೀಸರು ಬೆಂಗಳೂರಿನ ಮನೆಯಿಂದ ಲಾರೆನ್ಸರನ್ನು ಎತ್ತಿಕೊಂಡು ಹೋದರು. ಕೇಳಿದ್ದು ಒಂದೇ: ಜಾರ್ಜ್ ಎಲ್ಲಿ? ಲಾಠಿಗಳು ಮುರಿಯುವವರೆಗೆ ಹೊಡೆದರು, ಆಮೇಲೆ ಆಲದ ಬಿಳಲು ಹಿಡಿದರು, ರೈಲಿನಡಿ ಎಸೆಯುತ್ತೇವೆ ಎಂದು ಹೆದರಿಸಿದರು. ತಾಯಿ ಆಲಿಸ್ ಫರ್ನಾಂಡಿಸ್ ಇದನ್ನೆಲ್ಲ ರಾಷ್ಟ್ರಪತಿಗೆ ಪತ್ರ ಬರೆದು ತಿಳಿಸಿದರು. ಮಗ ನೆಟ್ಟಗೆ ನಡೆಯಲಾರದ ಸ್ಥಿತಿಯಲ್ಲಿದ್ದ.

"ನೀವು ಕೇಳಿದ ಬಾಂಬಿನ ಪ್ರಶ್ನೆನೇ ಅದು," ಎನ್ನುತ್ತಾರೆ ಟೀಚರ್. "ಡೈನಮೈಟ್ ಇದೆ, ಗೊತ್ತಿರೋನು ಕೈಗೆ ಸಿಕ್ಕಿದ್ದಾನೆ ಅಂತ್ಲೇ ಹೊಡೆದಿದ್ದು. ಜಾರ್ಜ್ ಸಿಕ್ಕಿದ್ದು ನಲವತ್ತು ದಿನ ಆದ್ಮೇಲೆ, ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್ ಆವರಣದಲ್ಲಿ. ಲಾರೆನ್ಸ್ ಮೈ ಮುರಿದು ಯಾರಿಗೇನು ಸಿಕ್ತು?"

ಅದೇ ಮೇ ತಿಂಗಳಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನೂ ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಅದೇ ಈಗಿನ ಫ್ರೀಡಂ ಪಾರ್ಕ್. ಉಬ್ಬಸದ ರೋಗಿ. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

ಆಗ ಕ್ರೈಸ್ತರು ಏನು ಮಾಡಿದರು? ಒಮ್ಮತವಿರಲಿಲ್ಲ. ಬೆಂಗಳೂರಿನಲ್ಲೇ ಕೆಲಸ ಮಾಡಿದ್ದ ಚಿಂತಕ ಎಂ. ಎಂ. ಥಾಮಸ್ ತುರ್ತು ಪರಿಸ್ಥಿತಿಯ ವಿರುದ್ಧ ಬಿಡದೆ ಬರೆದರು. ಮಾರ್ ತೋಮಾ ಸಭೆಯ ಜುಹಾನನ್ ಮಾರ್ ತೋಮಾ ಇಂದಿರಾ ಗಾಂಧಿಯವರಿಗೇ ಪತ್ರ ಬರೆದರು. ರೈಲು ಸರಿಯಾದ ಹೊತ್ತಿಗೆ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದವರೂ ಬೇಕಾದಷ್ಟು ಜನ. ಆ ಮೌನ ನನ್ನನ್ನು ಇವತ್ತಿಗೂ ಕಾಡುತ್ತದೆ. ಪಿಲಾತನ ಅಂಗಳದಲ್ಲಿ ಚಾಟಿಯೇಟು ತಿಂದವನನ್ನು ದೇವರೆಂದು ಪೂಜಿಸುವವರಿಗೆ ಯುದ್ಧದ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಕಟ್ಟಿಹಾಕಿದ ಮನುಷ್ಯನನ್ನು ಹೊಡೆಯುವ ವಿಷಯದಲ್ಲಿ ಎರಡು ಅಭಿಪ್ರಾಯ ಹೇಗೆ ಇದ್ದಾವು?

"ಜಾರ್ಜ್ ಆಮೇಲೆ ರಕ್ಷಣಾ ಮಂತ್ರಿ ಆದ್ರಲ್ಲ," ಎನ್ನುತ್ತಾನೆ ಹುಡುಗ. ಹೌದು, 1998ರಲ್ಲಿ. ಅದೇ ವರ್ಷ ಪೋಖ್ರಾನ್, ಮರುವರ್ಷ ಕಾರ್ಗಿಲ್. ಸಿಯಾಚಿನ್‌ಗೆ ಮತ್ತೆಮತ್ತೆ ಹೋಗಿ ಜವಾನರ ಜೊತೆ ಕೂತವರು. ಸೆಮಿನರಿಯ ಹುಡುಗ ಅಣುಬಾಂಬಿನ ಸರ್ಕಾರದಲ್ಲಿ ಕೂತಿದ್ದನ್ನು ಒಪ್ಪದ ಕ್ರೈಸ್ತರಿದ್ದಾರೆ, ಹೆಮ್ಮೆಪಟ್ಟವರೂ ಇದ್ದಾರೆ. ನನಗೆ ಕಾರ್ಗಿಲ್‌ಗಿಂತ ಹೆಚ್ಚು ನೋಯಿಸುವುದು ಇನ್ನೊಂದು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ತಮ್ಮನ ಮೈಮೇಲೆ ಲಾಠಿ ಮುರಿದದ್ದನ್ನು ಬಲ್ಲ ಮನುಷ್ಯ ಸಂಪುಟದಲ್ಲಿದ್ದ ವರ್ಷಗಳಲ್ಲೂ ಅದು ಸ್ಥಿರೀಕರಣವಾಗಲಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆಯುವ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು, ಅದು ರಾಜ್ಯಸಭೆ ದಾಟಲಿಲ್ಲ.

ಫಾದರ್ ಒಂದು ಸಲಹೆ ಇಡುತ್ತಾರೆ: ಭಾನುವಾರ ಪೂಜೆಯಾದ ಮೇಲೆ ಚಿತ್ರಹಿಂಸೆಯ ವಿರುದ್ಧ ಕಾನೂನು ಬೇಕೆಂದು ನಮ್ಮ ಸಂಸದರಿಗೆ ಒಂದು ಮನವಿ, ಇಷ್ಟವಿದ್ದವರು ಸಹಿ ಹಾಕಲಿ. ಟೀಚರ್ ಆಗಲೇ ನೋಟ್‌ಬುಕ್ ತೆಗೆದಿದ್ದಾರೆ. ಎಲ್ಲರ ಕಣ್ಣು ದಫೇದಾರರ ಮೇಲೆ.

"ಮೊದ್ಲು ಇದನ್ನ ಬರ್ಕೊಳ್ಳಿ, ಮಿಸ್," ಎನ್ನುತ್ತಾರೆ ಅವರು. ದನಿಯಲ್ಲಿ ಕಾವು ಇಳಿದಿಲ್ಲ. "ಠಾಣೆಗೆ ಸಾಕಷ್ಟು ಜನ ಕೊಡಿ. ಎಂಟು ಗಂಟೆ ಪಾಳಿ ಕೊಡಿ. ಲ್ಯಾಬ್ ರಿಪೋರ್ಟ್ ತಿಂಗಳುಗಟ್ಟಲೆ ಕಾಯಿಸ್ಬೇಡಿ. ನಾಳೆ ಬೆಳಿಗ್ಗೆ ಒಳಗೆ ಆರೋಪಿ ಒಪ್ಕೋಬೇಕು ಅಂತ ಮೇಲಿಂದ ಫೋನ್ ಮಾಡೋರಿಗೂ ಅದೇ ಶಿಕ್ಷೆ ಆಗ್ಲಿ, ಬರೀ ಕಾನ್‌ಸ್ಟೇಬಲ್‌ಗಲ್ಲ. ಇದೆಲ್ಲ ಇದ್ರೆ ಓದಿ ನೋಡ್ತೀನಿ. ಸಹಿ ವಿಷ್ಯ ಆಮೇಲೆ."

ಟೀಚರ್ ಪೆನ್ನಿನ ಕ್ಯಾಪ್ ತೆಗೆಯುತ್ತಾರೆ. "ನಿಧಾನಕ್ಕೆ ಹೇಳಿ," ಎನ್ನುತ್ತಾರೆ. "ಮೇಲಿಂದ ಫೋನ್ ಮಾಡೋರು ಅನ್ನೋದನ್ನ ಮೊದಲ್ನೇ ಸಾಲಲ್ಲೇ ಹಾಕೋಣ."