ಡೋಣಿಯ ದಂಡೆಯ ರಸಾಯನ

ವಿಜಯಪುರದ ಕಡೆಯ ವಿದ್ಯಾರ್ಥಿಗಳು ಭೌತ ರಸಾಯನದಲ್ಲಿ ಉನ್ನತ ಪದವಿಯನ್ನು ಪಡೆಯಲು ಬಹುಕಾಲ ಧಾರವಾಡದ ಹಾದಿಯನ್ನೇ ಹಿಡಿಯುತ್ತಿದ್ದರು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಮುಂಬಯಿಯಿಂದ ಅಲ್ಲಿಗೆ ಬಂದು ನೆಲೆಸಿತ್ತು. ಆದರೆ ಆ ಶಾಸ್ತ್ರದ ಅಧ್ಯಾಯಗಳನ್ನು ಕಣ್ಣಾರೆ ಕಾಣಬಯಸುವವರು ಇಂಡಿಯಲ್ಲಿ ಮೋಟಾರು ಹತ್ತಿ ಕಿಟಕಿಯ ಬಳಿ ಕುಳಿತರೂ ಸಾಕು.

ಇಂಡಿಯೆಂದರೆ ನಿಂಬೆ. ಅದರ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಅಣುವು ಮೂರು ಪ್ರೋಟಾನುಗಳನ್ನು ಬಿಟ್ಟುಕೊಡಬಲ್ಲದು. ಮೊದಲನೆಯದನ್ನು ಕೊಂಚ ಸುಲಭವಾಗಿ, ಕೊನೆಯದನ್ನು ಜಿಪುಣನಂತೆ. ಸಿಂದಗಿಯತ್ತ ಸಾಗಿದರೆ ಎರೆಯ ಹೊಲಗಳು. ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುವ ಈ ನೆಲ ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ಹೀಗೆ ಹಿಡಿದಿಟ್ಟ ತೇವದ ಮೇಲೆಯೇ ಹಿಂಗಾರಿ ಜೋಳ ತೆನೆಗಟ್ಟುವುದು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲೇ, ಆಲಮಟ್ಟಿಯಲ್ಲಿ, 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ನೀರು ಬಂದುದು ಭಾಗ್ಯವೇ ಸರಿ. ಆದರೆ ಎರೆ ಭೂಮಿಗೆ ನೀರು ಹೆಚ್ಚಾದರೆ ಏನಾಗುವುದೆಂಬುದನ್ನು ರೈತರು ಎರಡೇ ಮಾತುಗಳಲ್ಲಿ ಹೇಳುತ್ತಾರೆ: ಸವಳು, ಜವಳು.

ಮುದ್ದೇಬಿಹಾಳದ ನೆರೆಯ ತಾಳಿಕೋಟೆಯ ಬಳಿ ಹರಿಯುವ ಡೋಣಿಯ ನೀರೇ ಉಪ್ಪು. ಬಸಿದುಹೋಗಲು ದಾರಿಯಿಲ್ಲದ ಹೊಲದಲ್ಲಿ ಅಂತರ್ಜಲ ಮೇಲೇರುತ್ತದೆ. ಬಿಸಿಲು ನೀರನ್ನು ಒಯ್ದು ಲವಣವನ್ನು ಮಾತ್ರ ಬಿಟ್ಟುಹೋಗುತ್ತದೆ. ಆಗ ಬೇರು ನೀರು ಹೀರಲಾರದು. ಈ ಪರಾಸರಣ ಒತ್ತಡದ ನಿಯಮಗಳಿಗಾಗಿಯೇ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ದೊರೆತುದು. ಇನ್ನೊಂದು ಕೇಡು ಇನ್ನೂ ಸೂಕ್ಷ್ಮವಾದುದು. ಜೇಡಿಯ ತೆಳುಹಾಳೆಗಳ ಮೇಲೆ ಋಣ ವಿದ್ಯುದಂಶವಿದೆ. ಅವನ್ನು ಒಗ್ಗೂಡಿಸಿದ್ದ ಕ್ಯಾಲ್ಸಿಯಂ ಅಯಾನುಗಳ ಸ್ಥಾನಕ್ಕೆ ಸೋಡಿಯಂ ಬಂದು ಕುಳಿತರೆ ಹಾಳೆಗಳು ಒಂದನ್ನೊಂದು ದೂಡಿ ಚದುರುತ್ತವೆ. ರಂಧ್ರಗಳು ಮುಚ್ಚಿ, ನೀರೂ ಇಳಿಯದು, ಗಾಳಿಯೂ ಆಡದು. ಮಣ್ಣಿನ ಈ ಅಯಾನು ವಿನಿಮಯವನ್ನು ಇಂಗ್ಲೆಂಡಿನ ಥಾಮಸ್ ವೇ 1850ರಲ್ಲಿಯೇ ವಿವರಿಸಿದ್ದ.

ಸವಳೆಂಬ ಮಾತನ್ನು ತೊಟ್ಟಿಲಲ್ಲೇ ಕೇಳಿದ ಹುಡುಗನು ಕಾಲೇಜಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಉರುಹಚ್ಚಿ, ಅದು ತನ್ನ ತಂದೆಯ ಹೊಲದ ಸಂಗತಿಯೆಂದು ಅರಿಯದೆ ಪರೀಕ್ಷೆ ಮುಗಿಸುವುದುಂಟು. ಇದು ಹುಡುಗನ ತಪ್ಪಲ್ಲ. ಪಾಠ ಹೇಳುವವರು ಒಂದು ಹಿಡಿ ಸವಳು ಮಣ್ಣನ್ನು ಗಾಜಿನ ನಳಿಗೆಗೆ ತುಂಬಿ, ಮೇಲಿನಿಂದ ಶುದ್ಧ ನೀರೆರೆದರೆ ಅದು ಇಳಿಯದೆ ನಿಲ್ಲುವುದನ್ನು ತೋರಿಸಬಹುದು. ಜಿಪ್ಸಂ ಬೆರೆಸಿದ ಮತ್ತೊಂದು ನಳಿಗೆಯಲ್ಲಿ ಕ್ಯಾಲ್ಸಿಯಂ ತನ್ನ ಸ್ಥಾನಕ್ಕೆ ಮರಳಿ, ನೀರು ತೊಟ್ಟುತೊಟ್ಟಾಗಿ ಕೆಳಗಿಳಿಯತೊಡಗುತ್ತದೆ. ಹೊಲದಲ್ಲಾದರೋ, ಬಿಡುಗಡೆಯಾದ ಸೋಡಿಯಂ ಹೊರಹೋಗಲು ಬಸಿಗಾಲುವೆಯನ್ನೂ ತೋಡಬೇಕು.