ಸೊಪ್ಪಿಗೊಂದು ಅಂಗಿ

ನೆಂಟರಿಗೆ ಸೊಪ್ಪು ಬಡಿಸಬಾರದು ಎಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ, ನೋಡಿ ಕಲಿತದ್ದು. ಸೊರಬದ ನನ್ನ ತವರಿನಲ್ಲಿ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, ಒಲೆಯ ಮೇಲಿದ್ದ ಹರಿವೆ ಸಾರು ಮೂಲೆ ಸೇರುತ್ತಿತ್ತು. "ಸೊಪ್ಪು ಹಾಕಿ ಕಳಿಸಿದ್ರು ಅಂತ ಊರೆಲ್ಲ ಹೇಳ್ಕೊಂಡು ಬರಲ್ವ?" ಎಂದು ಗೊಣಗುತ್ತ ಅಮ್ಮ ಕೋಳಿಯ ಕಡೆ ನೋಡುತ್ತಿದ್ದಳು. ಆ ನೋಟದ ಅರ್ಥ ಕೋಳಿಗೂ ಗೊತ್ತಿತ್ತು.

ಮದುವೆಯಾಗಿ ಶಿಕಾರಿಪುರಕ್ಕೆ ಬಂದರೆ ಇಲ್ಲೂ ಅದೇ ಕತೆ. ಎರಡು ತಾಲ್ಲೂಕು ಅಕ್ಕಪಕ್ಕ ಇದ್ದರೂ ಅಡುಗೆಮನೆಗಳು ಬೇರೆ. ಸೊರಬವೆಂದರೆ ಭತ್ತ, ಅಡಿಕೆ, ಅಕ್ಕಿ ಕಡುಬು. ಶಿಕಾರಿಪುರ ದಾಟಿ ಬಯಲಿನ ಕಡೆ ಸರಿದಂತೆಲ್ಲ ಮೆಕ್ಕೆಜೋಳದ ಹೊಲ, ರೊಟ್ಟಿ, ಕೆಂಪು ಚಟ್ನಿ. ಅಲ್ಲಿ ಬೇಲಿಯ ಸೊಪ್ಪು, ಇಲ್ಲಿ ಸಂತೆಯ ಸೊಪ್ಪು. ನೆಂಟರೆದುರು ಮಾತ್ರ ಎರಡಕ್ಕೂ ಮರ್ಯಾದೆಯಿಲ್ಲ.

ಸೊಪ್ಪು ತಲೆಯೆತ್ತಿ ಮೆರೆಯುವುದು ವರ್ಷಕ್ಕೊಂದು ದಿನ. ಆಶ್ವಯುಜದ ಹುಣ್ಣಿಮೆ. ಬಯಲಿನವರಿಗೆ ಅದು ಸೀಗೆ ಹುಣ್ಣಿಮೆ, ನಮ್ಮ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತಕ್ಕೆ ಹಾಲು ತುಂಬುವ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆದು ಭೂಮಣ್ಣಿ ಬುಟ್ಟಿ ಸಿದ್ಧ ಮಾಡುತ್ತಾರೆ. ಹಿಂದಿನ ದಿನ ಬೇಲಿ, ಕಾಡಂಚು, ಗದ್ದೆಬದು ಸುತ್ತಿ ಸೊಪ್ಪು ಕುಯ್ದು ತರುತ್ತಾರೆ. ನೂರೊಂದು ಬಗೆ ಇರಬೇಕೆಂಬುದು ಮಾತು. ಎಣಿಸಿದವರನ್ನು ನಾನು ಕಂಡಿಲ್ಲ. ಹೆಂಗಸರು ರಾತ್ರಿಯಿಡೀ ಎದ್ದಿದ್ದು ಬೆರಕೆ ಸೊಪ್ಪು ಬೇಯಿಸಿ, ಕೊಟ್ಟೆ ಕಡುಬು ಕಟ್ಟಿ, ಬುಟ್ಟಿ ತುಂಬುತ್ತಾರೆ. ಬೆಳಗಾಗುವ ಮೊದಲೇ ಗದ್ದೆಗೆ ಹೋಗಿ ಆ ಸೊಪ್ಪನ್ನು ಕೂಗಿ ಕೂಗಿ ಪೈರಿನ ಮೇಲೆ ಬೀರುವುದು. ಆಮೇಲೆ ಪೂಜೆ, ಕಾಗೆಗೆ ಎಡೆ, ಒಂದು ಕಡುಬನ್ನು ಗದ್ದೆಯಲ್ಲೇ ಹೂಳುವುದು. ಮನುಷ್ಯರ ಎಲೆಗೆ ಬರುವುದು ಎಲ್ಲರದ್ದೂ ಮುಗಿದ ಮೇಲೆ. ದೇವತೆಗೆ ಆಗುವ ಸೊಪ್ಪು ನೆಂಟರಿಗೇಕೆ ಆಗುವುದಿಲ್ಲ ಎಂದು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ.

ಅಂಥ ಒಂದು ಭೂಮಿ ಹುಣ್ಣಿಮೆಗೆ ದಸರೆ ರಜೆ ಕೂಡಿಬಂತು. ಸೊರಬದ ತವರುಮನೆ ತುಂಬ ಮಕ್ಕಳು. ಮೆಲ್ಬರ್ನ್‌ನಿಂದ ತಂಗಿಯ ಮಗಳೂ ಬಂದಿದ್ದಳು. ಗ್ರೀಸ್‌ನಿಂದ ಹೊರಗೆ ಗ್ರೀಕರು ಬಹಳ ಇರುವ ಊರುಗಳಲ್ಲಿ ಮೆಲ್ಬರ್ನ್ ಒಂದು. ಇವಳ ಪಕ್ಕದ ಮನೆಯ ಅಜ್ಜಿಯೂ ಗ್ರೀಕಳೇ.

"ದೊಡ್ಡಮ್ಮ, ನಾಳೆ ಸಂಜೆ ಎಲ್ಲರಿಗೂ ನಾನೊಂದು ತಿಂಡಿ ಮಾಡ್ತೀನಿ. ಅಜ್ಜಿ ಕಲಿಸಿದ್ದು. ಸ್ಪನಕೋಪಿಟ ಅಂತ. ಬಹಳ ಸುಲಭ."

"ಏನಿರುತ್ತೆ ಅದರಲ್ಲಿ?"

"ಸೊಪ್ಪು."

ನನ್ನ ಅತ್ತಿಗೆ ಮೊರದಿಂದ ತಲೆಯೆತ್ತಿದಳು. "ಸೊಪ್ಪು ತಿನ್ನಿಸೋಕೆ ಅಷ್ಟು ದೂರದಿಂದ ಬಂದ್ಯೇನೆ?"

ಪಾಲಕ್ ಮತ್ತು ಫೆಟಾ ಎಂಬ, ಗಿಣ್ಣಿನಂಥ ಒಂದು ಉಪ್ಪುಪ್ಪು ಚೀಸನ್ನು ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆಗಳ ನಡುವೆ ಇಟ್ಟು ಸುಡುವುದು, ಇಷ್ಟೇ ಅದರ ಗುಟ್ಟು. ದಿನದ ಊಟಕ್ಕಾದರೆ ದೊಡ್ಡ ತಟ್ಟೆಯಲ್ಲಿ ಮಾಡಿ ಕೊಯ್ದು ಕೊಡುತ್ತಾರೆ. ಹಬ್ಬಕ್ಕೆ, ಮಂದಿ ಸೇರಿದಾಗ, ಒಂದೇ ತುತ್ತಿಗೆ ಆಗುವಷ್ಟು ಪುಟ್ಟ ತ್ರಿಕೋನಗಳು. ಪಾಲಕ್ ಗ್ರೀಕರದ್ದೇನೂ ಅಲ್ಲ. ಪರ್ಷಿಯಾದ ಕಡೆಯ ಗಿಡ, ಅರಬರ ಜೊತೆ ಮಧ್ಯಯುಗದಲ್ಲಿ ಮೆಡಿಟರೇನಿಯನ್ ಸೇರಿದ್ದು. ಸಾಕ್ರಟೀಸನಿಗೆ ಅದು ಗೊತ್ತಿರಲಿಲ್ಲ. ಆದರೆ ಬೆಟ್ಟಗುಡ್ಡ ಸುತ್ತಿ ಕಾಡುಸೊಪ್ಪು ಆಯ್ದು ತರುವುದು ಗ್ರೀಸ್‌ನ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಆ ಬೆರಕೆ ಸೊಪ್ಪನ್ನೇ ತುಂಬಿ ಮಾಡುವ ಹೊರ್ತೋಪಿಟ ಎಂಬುದೂ ಇದೆ. ಇದನ್ನು ಕೇಳಿದ ಮೇಲೆ ಅತ್ತಿಗೆ ಸ್ವಲ್ಪ ಮೆತ್ತಗಾದಳು.

ಚೀಸು ಮಾತ್ರ ಅವರದ್ದು, ಬಹಳ ಹಳೆಯದು. ಹೋಮರನ ಒಡಿಸ್ಸಿಯಲ್ಲಿ ಒಂಟಿಕಣ್ಣಿನ ರಾಕ್ಷಸ ಪಾಲಿಫೀಮಸ್ ಹಾಲು ಕರೆದು, ಅರ್ಧವನ್ನು ಹೆಪ್ಪುಗಟ್ಟಿಸಿ, ಹೆಣೆದ ಬುಟ್ಟಿಗಳಲ್ಲಿ ಇಡುತ್ತಾನೆ. ಮನುಷ್ಯರನ್ನು ತಿನ್ನುವ ರಾಕ್ಷಸ, ಡೈರಿ ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು. ಇಂದಿನ ಫೆಟಾ ಕುರಿಯ ಹಾಲಿನದು. ಮೇಕೆ ಹಾಲು ಬೆರೆಸಿದರೂ ಶೇಕಡಾ 30 ಮೀರುವಂತಿಲ್ಲ, ಕನಿಷ್ಠ ಎರಡು ತಿಂಗಳು ಹಣ್ಣಾಗಬೇಕು. 2002ರಲ್ಲಿ ಯುರೋಪಿಯನ್ ಒಕ್ಕೂಟ ಆ ಹೆಸರನ್ನು ಗ್ರೀಸಿಗೇ ಬರೆದುಕೊಟ್ಟಿತು. ನಾವೂ ಮಾಡುತ್ತಿದ್ದೆವಲ್ಲ ಎಂದು ಡೆನ್ಮಾರ್ಕ್, ಜರ್ಮನಿಗಳು ಜಗಳ ತೆಗೆದವು; 2005ರಲ್ಲಿ ನ್ಯಾಯಾಲಯ ಗ್ರೀಸಿನ ಪರವಾಗಿ ತೀರ್ಪು ಕೊಟ್ಟಿತು. ಹಾಲು ಒಡೆದದ್ದಕ್ಕೆ ಇಷ್ಟು ದೊಡ್ಡ ವ್ಯಾಜ್ಯ!

ಗ್ರೀಕರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಲು ನಮ್ಮ ಕಡೆಯವರಲ್ಲಿ ಒಂದೆರಡು ಮಾತಿವೆ. ಸೊರಬದ ಗಡಿಯಾಚೆ ವರದೆಯ ದಂಡೆಯಲ್ಲಿರುವ ಬನವಾಸಿಯ ಹೆಸರು 2ನೇ ಶತಮಾನದ ಟಾಲೆಮಿಯ ಭೂಗೋಳದಲ್ಲಿ, ಗ್ರೀಕ್ ಅಕ್ಷರದಲ್ಲಿ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಭಾರತದ ಕಡಲತೀರದ ರಾಜನೊಬ್ಬ ಆಡುವ ಮಾತು ಕನ್ನಡವೇ ಎಂದು ಶಾಸನತಜ್ಞ ಹುಲ್ಟ್ಷ್ ಹೇಳಿದರು, ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನಾಟಕದಲ್ಲಿ ಗ್ರೀಕರು ರಾಜನಿಗೂ ಅವನ ಕಡೆಯವರಿಗೂ ದ್ರಾಕ್ಷಾರಸ ಕುಡಿಸಿ, ಮತ್ತೇರಿಸಿ, ತಮ್ಮ ಹುಡುಗಿಯನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ಜೊತೆಗೆ ನೆಂಚಿಕೊಳ್ಳಲು ಏನು ಕೊಟ್ಟರೆಂದು ಬರೆದಿಲ್ಲ. ಕೊಟ್ಟಿದ್ದರೆ ನಮ್ಮವರಿಗೆ ಅಷ್ಟು ಬೇಗ ಮತ್ತೇರುತ್ತಿರಲಿಲ್ಲ.

ಒಡೆದ ಹಾಲಿನ ತಿಂಡಿಯೂ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಕ್ಷೀರಪ್ರಕಾರ ಎಂಬ ಭಕ್ಷ್ಯವಿದೆ. ಕಾದ ಹಾಲಿಗೆ ಹುಳಿ ಬಿಟ್ಟು ಒಡೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಆ ಗಟ್ಟಿಗೆ ಅಕ್ಕಿ ಹಿಟ್ಟು ಕಲಸಿ, ಬೇಕಾದ ಆಕಾರ ಕೊಟ್ಟು ತುಪ್ಪದಲ್ಲಿ ಕರಿಯುವುದು, ಮೇಲೆ ಸಕ್ಕರೆ. ಆಗ ಶಿಕಾರಿಪುರ ತಾಲ್ಲೂಕಿನ ನಮ್ಮ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಲ್ಲಿಯ ಕೋಡಿಯ ಮಠದ 1162ರ ಶಾಸನ, ಮಠದಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣಗಳ ಪಾಠವನ್ನು ಹೊಗಳಿ, ಕುಂಟರು, ಕುರುಡರು, ದಿಕ್ಕಿಲ್ಲದವರು, ನಾನಾ ದೇಶದ ಭಿಕ್ಷುಕರಿಗೆಲ್ಲ ಅನ್ನ ಸಿಗುವ ಜಾಗವೆಂದು ಅದನ್ನು ಕೊಂಡಾಡುತ್ತದೆ. ದೊರೆಯ ಎಲೆಗೆ ಬಿದ್ದ ಕ್ಷೀರಪ್ರಕಾರ ಪುಸ್ತಕ ಸೇರಿತು. ಅಷ್ಟು ಬಾಯಿಗೆ ದಿನಾ ಬಡಿಸುವ ಮನೆ ಸೊಪ್ಪಿಲ್ಲದೆ ನಡೆಯುತ್ತದೆಯೇ? ಸೌಟು ಹಿಡಿದವರನ್ನು ಕೇಳಿ. ಆದರೂ ಸೊಪ್ಪನ್ನು ಹೊಗಳಿ ಕೊರೆದ ಕಲ್ಲನ್ನು ನಾನು ಕಂಡಿಲ್ಲ.

ಇರಲಿ. ಹುಡುಗಿ ಹೇಳಿದ ಸುಲಭ ಮೆಲ್ಬರ್ನಿನ ಸುಲಭ. ಅಲ್ಲಿ ಹಿಟ್ಟಿನ ಹಾಳೆ ಅಂಗಡಿಯ ಫ್ರೀಜರಿನಲ್ಲಿ ಸಿಗುತ್ತದೆ, ಫೆಟಾ ಡಬ್ಬಿಯಲ್ಲಿ ಬರುತ್ತದೆ, ಓವನ್ನು ಗೋಡೆಯಲ್ಲೇ ಇರುತ್ತದೆ. ನಮ್ಮಲ್ಲಿ ಇದ್ದದ್ದು ಒಲೆ, ಬಾಣಲೆ, ಆಕಳು. ಆಗ ಅತ್ತಿಗೆಯೇ "ಪದರ ಬೇಕು ತಾನೆ? ಚಿರೋಟಿ ಹಿಟ್ಟು ಕಲಸ್ತೀನಿ ಬಿಡು" ಅಂದಳು. ಅಲ್ಲಿಂದ ಮುಂದೆ ಅಡುಗೆಮನೆ ಅವಳದ್ದಾಯಿತು.

ಮೊದಲು ಹಾಲು. ಎರಡು ಲೀಟರ್ ಆಕಳ ಹಾಲು ಕುದಿಸಿ, ಇಳಿಸಿ, ನಿಂಬೆಹುಳಿ ಹಿಂಡಿದರೆ ಹಸಿರುಗಟ್ಟಿದ ನೀರಿನ ಮೇಲೆ ಒಡೆದ ಹಾಲಿನ ಗಡ್ಡೆ ತೇಲಿತು. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಒರಳುಗುಂಡು ಹೇರಿ, ಗಟ್ಟಿಯಾದದ್ದನ್ನು ತುಂಡು ಮಾಡಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ಬಿಟ್ಟೆವು: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಉಪ್ಪು. ಫೆಟಾದ ಘಾಟು ಬರಲಿಲ್ಲ, ಉಪ್ಪು ಮಾತ್ರ ಒಳಗಿನ ತನಕ ಇಳಿಯಿತು. ಹೂರಣಕ್ಕೆ ಬೇರೆ ಉಪ್ಪು ಬೇಕಾಗಲಿಲ್ಲ.

ಸೊಪ್ಪಿನ ಶತ್ರು ನೀರು. ಸಣ್ಣಗೆ ಹೆಚ್ಚಿದ ಎರಡು ಕಟ್ಟು ಪಾಲಕ್ಕಿಗೆ ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಬುಟ್ಟಿ ತುಂಬ ಇದ್ದದ್ದು ಬೊಗಸೆಗೆ ಬಂತು. ಅದಕ್ಕೆ ಈರುಳ್ಳಿ ಹೂವು, ಕಾಳುಮೆಣಸು. ಆಮೇಲೆ ಹುಡುಗಿ ಚೀಟಿ ನೋಡಿ ಇನ್ನೊಂದು ಹೆಸರು ಹೇಳಿ, "ಇದು ಇಲ್ಲಿ ಸಿಗಲ್ಲ ಅನ್ಸುತ್ತೆ" ಎಂದಳು. ಫೋನಿನಲ್ಲಿ ಚಿತ್ರ ತೋರಿಸಿದರೆ ಸಬ್ಬಸಿಗೆ! ನಾನು ಶಿಕಾರಿಪುರದಿಂದ ಬರುವಾಗ ಅಕ್ಕಿ ರೊಟ್ಟಿಗೆಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಸಬ್ಬಸಿಗೆ. ಅದಿಲ್ಲದೆ ಗ್ರೀಕರ ಈ ತಿಂಡಿಗೆ ಘಮವೇ ಇಲ್ಲವಂತೆ. ಸಬ್ಬಸಿಗೆಯನ್ನು ಚಿಟಿಕೆ ಉದುರಿಸಿ ಬಿಡುವವರು ಜಗತ್ತಿನಲ್ಲಿ ಬಹಳ; ಕಟ್ಟುಗಟ್ಟಲೆ ತಿನ್ನುವವರು ನಾವು. ಒಂದು ಕಟ್ಟು ಪೂರ್ತಿ ಬಿತ್ತು. ಹೂರಣ ಹಿಡಿದು ನಿಲ್ಲಲೆಂದು ಅವರು ಮೊಟ್ಟೆ ಒಡೆದು ಹಾಕುತ್ತಾರೆ. ಹಬ್ಬದ ದಿನ ಬೇಡವೆಂದು ನಾವು ಎರಡು ಚಮಚ ಹುರಿದ ರವೆ ಹಾಕಿದೆವು. ಉಳಿದ ತೇವವನ್ನೂ ಅದೇ ಕುಡಿಯಿತು.

ಇನ್ನು ಅಂಗಿ. ಮೈದಾ, ಚಿರೋಟಿ ರವೆ ಸಮಸಮ ಕಲಸಿ ನಾದಿ, ಮುಚ್ಚಿಟ್ಟು, ಚಪಾತಿಯಂತೆ ತೆಳ್ಳಗೆ ಲಟ್ಟಿಸಿ, ಒಂದರ ಮೇಲೊಂದು ಪೇರಿಸಿ, ನಡುನಡುವೆ ಸಾಟಿ ಸವರುವುದು. ಸಾಟಿ ಎಂದರೆ ತುಪ್ಪವನ್ನು ಅಂಗೈಯಲ್ಲಿ ಬೆಳ್ಳಗಾಗುವ ತನಕ ತಿಕ್ಕಿ ಅಕ್ಕಿ ಹಿಟ್ಟು ಬೆರೆಸಿದ್ದು. ಗ್ರೀಕರು ಹಾಳೆಗಳ ನಡುವೆ ಆಲಿವ್ ಎಣ್ಣೆಯನ್ನೋ ಬೆಣ್ಣೆಯನ್ನೋ ಬಳಿಯುವುದೂ ಇದೇ ಕೆಲಸಕ್ಕೆ: ಜಿಡ್ಡು ಪದರಗಳನ್ನು ಅಂಟಲು ಬಿಡುವುದಿಲ್ಲ, ಹಿಟ್ಟಿನೊಳಗಿನ ನೀರು ಆವಿಯಾಗಿ ಅವನ್ನು ಎತ್ತುತ್ತದೆ. ಅಕ್ಕಿ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಹಾಗಾಗಿ ಪದರ ಇನ್ನೂ ಚೆನ್ನಾಗಿ ಬಿಡುತ್ತದೆ. ಸುರುಳಿ ಸುತ್ತಿ, ಬೆರಳಗಲ ಕತ್ತರಿಸಿ, ಒತ್ತಿ, ಪುಟ್ಟ ಪೂರಿ ಮಾಡಿ, ಹೂರಣವಿಟ್ಟು ಮಡಚಿ, ಅಂಚಿಗೆ ನೀರು ಸವರಿ ಒತ್ತಿದರೆ ಮುಗಿಯಿತು. ಕರಿಯುವಾಗ ಉರಿ ಸಣ್ಣಗಿರಬೇಕು. ಎಣ್ಣೆ ಬಹಳ ಕಾದರೆ ಹೊರಗೆ ಕೆಂಪು, ಒಳಗೆ ಹಸಿ.

ಮಕ್ಕಳು ಬಾಣಲೆಯ ಸುತ್ತಲೇ ತಿಂದು ಮುಗಿಸುತ್ತಿದ್ದವು. ಸೊಪ್ಪಿನ ಹೆಸರೆತ್ತಿದರೆ ಎಲೆಯಿಂದ ಏಳುವ ನಮ್ಮ ಚಿಕ್ಕಪ್ಪ ತಟ್ಟೆ ಹಿಡಿದು ಎರಡನೇ ಸಲ ಬಂದು, "ಏನಮ್ಮ ಇದು, ಕೋವಾ ಖಾರ ಮಾಡಿದ ಹಾಗಿದೆಯಲ್ಲ" ಅಂದರು. ಏನೆಂದು ಯಾರೂ ಬಾಯಿ ಬಿಡಲಿಲ್ಲ.

ಅಂದಿನಿಂದ ನನಗೊಂದು ಖಾತರಿಯಾಗಿದೆ. ಹೊರಗಿನ ಅಂಗಿ ಯಾವ ದೇಶದ್ದಾದರೂ ಆದೀತು. ಒಳಗಿನ ಹೂರಣ ಊರಿನ ಬೇಲಿಯದ್ದೇ ಇರಬೇಕು. ಗ್ರೀಸ್‌ನ ಬೆಟ್ಟದ ಹೆಂಗಸು ತನ್ನ ಗುಡ್ಡದ ಸೊಪ್ಪು ತುಂಬುತ್ತಾಳೆ, ಭೂಮಿ ಹುಣ್ಣಿಮೆಯವಳು ತನ್ನ ಗದ್ದೆಬದುವಿನದು. ಅಲ್ಲಿ ಹೊಸ ವರ್ಷದ ದಿನ ನಾಣ್ಯ ಹುದುಗಿಸಿ ಮಾಡುವ ವಾಸಿಲೋಪಿಟವನ್ನು ಕೊಯ್ಯುವಾಗಲೂ ಮೊದಲ ತುಂಡು ದೇವರಿಗೆ, ಇನ್ನೊಂದು ಮನೆಗೆ ಎಂದು ತೆಗೆದಿಟ್ಟು, ಆಮೇಲಷ್ಟೇ ಮನುಷ್ಯರಿಗೆ ಕೊಡುತ್ತಾರಂತೆ. ಅವತ್ತು ಇದನ್ನು ಕೇಳಿಯೇ ಅತ್ತಿಗೆ ಮೊದಲ ಒಬ್ಬೆಯಿಂದ ಎರಡನ್ನು ಕಾಗೆಗೆಂದು ತೆಗೆದಿಟ್ಟಳು.

ಈಗ ದೀಪಾವಳಿಗೂ ಯುಗಾದಿಗೂ ಶಿಕಾರಿಪುರದ ಮನೆಯಲ್ಲಿ ಇದನ್ನು ಮಾಡುತ್ತೇವೆ. ಪಾಲಕ್ ಸಿಗದಿದ್ದರೆ ನುಗ್ಗೆಸೊಪ್ಪು. ನೀರು ಕಡಿಮೆ ಇರುವ ಸೊಪ್ಪು, ಹಿಂಡುವ ಕೆಲಸ ತಪ್ಪುತ್ತದೆ. ಹರಿವೆಯೂ ನಡೆಯುತ್ತದೆ, ಕೆಂಪು ಹರಿವೆಯಾದರೆ ಅಂಗಿಗೆಲ್ಲ ಬಣ್ಣ. ಬಸಳೆ ಬೇಡ, ಲೋಳೆ. ಕೆಸು ಹಾಕುವವರು ಹುಣಸೆಹುಳಿಯಲ್ಲಿ ಚೆನ್ನಾಗಿ ಬೇಯಿಸಿಕೊಳ್ಳಬೇಕು, ಇಲ್ಲದಿದ್ದರೆ ನೆಂಟರು ಗಂಟಲು ಕೆರೆದುಕೊಳ್ಳುತ್ತ ಬಸ್ಸು ಹತ್ತುತ್ತಾರೆ. ಹೂರಣ ಹಿಂದಿನ ರಾತ್ರಿಯೇ ಮಾಡಿಡಬಹುದು, ಅಂಗಿ ಮಾತ್ರ ಆಗಿಂದಾಗ. ಬಂದವರು ಏನಿದು ಎಂದು ಕೇಳಿದರೆ ಗ್ರೀಕ್ ತಿಂಡಿ ಎನ್ನಿ. ಸೊಪ್ಪು ಎಂದು ಹೇಳುವುದು ತಟ್ಟೆ ಖಾಲಿಯಾದ ಮೇಲೆ.